ಜಿಡ್ಡಿಗೆ ಫ್ಲೋರಿನ್-18 ಕಟ್ಟುವಾಗ

ಕೊಬ್ಬು ದೇಹದಲ್ಲಿ ಎಲ್ಲಿಗೆ ಹೋಗುತ್ತದೆ ಅಂತ ಸ್ಕ್ಯಾನಿನಲ್ಲಿ ನೋಡಲು ಕೊಬ್ಬಿನ ಅಣುವಿಗೆ ವಿಕಿರಣಶೀಲ ಫ್ಲೋರಿನ್-18 ಕಟ್ಟುತ್ತಾರೆ. ಹಾಗೆ ಗುರುತು ಹಾಕಿದ ಅಣುವೇ ಪ್ರೋಬ್. ಅದನ್ನು ತಯಾರಿಸುವಾಗಿನ ತೊಡಕುಗಳು ನೀರಿನಿಂದಲೇ ಶುರು. ಚಿತ್ರದುರ್ಗ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ ಅನ್ನುವುದನ್ನು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆಲವು ಹಳ್ಳಿಗಳಲ್ಲಿ ಶಾಲೆ ಮಕ್ಕಳ ಹಲ್ಲು ನೋಡಿದರೆ ಸಾಕು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಕೊನೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಆ ಮಿತಿ ದಾಟದ ನೀರನ್ನೇ ತಗೊಳ್ಳಿ. ಒಂದು ಹನಿ ಅಂದರೆ 0.05 ಮಿ.ಲೀ. ಅಷ್ಟರಲ್ಲೇ ಸುಮಾರು 4 ನ್ಯಾನೊಮೋಲ್ ಫ್ಲೋರೈಡ್ ಇರುತ್ತದೆ. ಇತ್ತ ಸೈಕ್ಲೋಟ್ರಾನಿನಿಂದ (ಪ್ರೋಟಾನ್ ಹೊಡೆದು ಐಸೊಟೋಪ್ ತಯಾರಿಸುವ ಯಂತ್ರ) ಬರುವ 1 ಕ್ಯೂರಿಯಷ್ಟು (ವಿಕಿರಣದ ಅಳತೆ) ಫ್ಲೋರಿನ್-18ರಲ್ಲಿ ಎಷ್ಟು ಪರಮಾಣು ಇವೆ ಅಂತ ಲೆಕ್ಕ ಹಾಕಿದರೆ ಬರುವುದು 0.58 ನ್ಯಾನೊಮೋಲ್. ತೊಳೆದಿಟ್ಟ ವೈಯಲ್ಲಿನ ತಳದಲ್ಲಿ ಉಳಿದ ಒಂದೇ ಹನಿ ನಲ್ಲಿ ನೀರು, ಸೀಸದ ಪೆಟ್ಟಿಗೆಯಲ್ಲಿ ಜೋಪಾನವಾಗಿ ತಂದ ಫ್ಲೋರಿನ್‌ಗಿಂತ ಏಳು ಪಟ್ಟು ಹೆಚ್ಚು, ವಿಕಿರಣವಿಲ್ಲದ ಮಾಮೂಲಿ ಫ್ಲೋರಿನ್ ಬೆರೆಸಿಬಿಡುತ್ತದೆ. ಜೊತೆಗೆ ಗಡಸು ನೀರಿನ ಕ್ಯಾಲ್ಸಿಯಂ ಇದ್ದ ಫ್ಲೋರೈಡನ್ನೂ ಹಿಡಿದುಕೊಳ್ಳುತ್ತದೆ. ಆದ್ದರಿಂದ ಗಾಜಿನ ಸಾಮಾನನ್ನು ಕೊನೆಯ ಮೂರು ಸಲ 18 ಮೆಗಾ ಓಮ್ ನೀರಿನಲ್ಲೇ (ಅಯಾನುಗಳನ್ನು ತೆಗೆದ ಅತಿ ಶುದ್ಧ ನೀರು) ತೊಳೆದು ಓವನಿನಲ್ಲಿ ಒಣಗಿಸಬೇಕು. ಆರ್‌ಓ ನೀರು ಸಾಲದು.

ಇನ್ನೊಂದು ನಂಟೂ ಇದೆ. ಕುಡಿದ ನೀರಿನ ಫ್ಲೋರೈಡ್ ಹಲ್ಲು, ಮೂಳೆ ಸೇರುವ ಹಾಗೆಯೇ ಪ್ರೋಬ್‌ನಿಂದ ಕಳಚಿಬಿದ್ದ ಫ್ಲೋರಿನ್-18 ಕೂಡ ಮೂಳೆಗೆ ಹೋಗಿ ಕೂರುತ್ತದೆ. ಹೃದಯ ಕಾಣಬೇಕಾದ ಸ್ಕ್ಯಾನಿನಲ್ಲಿ ಬೆನ್ನುಮೂಳೆ, ಪಕ್ಕೆಲುಬು ಬೆಳಗತೊಡಗಿದರೆ ಅಣು ದೇಹದೊಳಗೆ ಒಡೆಯುತ್ತಿದೆ ಅಂತ ತಿಳಿಯಿರಿ.

ಕೊಬ್ಬಿನ ಕಾಯಿಲೆಗಳನ್ನು ಪತ್ತೆ ಹಚ್ಚುವ ವಿಕಿರಣಶೀಲ ಪ್ರೋಬ್ ತಯಾರಿಸುವುದು ಅಂದಾಗ ಹೆಚ್ಚಿನವರ ತಲೆಗೆ ಬರುವುದು ಅಣುವಿನ ವಿನ್ಯಾಸ. ನನ್ನ ಪ್ರಕಾರ ಅದು ಈ ಕೆಲಸದ ಸುಲಭದ ಅರ್ಧ. ಕಾಗದದ ಮೇಲೆ ಚೆನ್ನಾಗಿ ಕಾಣುವ ಅಣುಗಳು ಬಿದ್ದುಹೋಗುವುದು ಮೂರು ಕಡೆ: ಜಿಡ್ಡು ಎಲ್ಲದಕ್ಕೂ ಅಂಟುತ್ತದೆ, ಫ್ಲೋರಿನ್ ಕಳಚುತ್ತದೆ, ಗಡಿಯಾರ ಕಾಯುವುದಿಲ್ಲ. ಇಲ್ಲಿನ ಎಂ.ಎಸ್ಸಿ. ಕೆಮಿಸ್ಟ್ರಿ, ಎಂ.ಫಾರ್ಮ್ ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅರ್ಧಾಯು, ಎಸ್ಟರ್, ಕ್ರೊಮಟೋಗ್ರಫಿ ಇವೆಲ್ಲ ಗೊತ್ತಿದೆ ಅಂದುಕೊಳ್ಳುತ್ತೇನೆ.

ಮೊದಲು, ಪ್ರೋಬ್ ಯಾಕೆ ಬೇಕು? ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳವನ್ನೇ ನೋಡಿ. ರಸ್ತೆಯಲ್ಲಿ ಎಷ್ಟು ಲೋಡು ಓಡಾಡುತ್ತಿದೆ ಅನ್ನುವುದು ಲಿಪಿಡ್ ಪ್ರೊಫೈಲ್. ಗೋದಾಮಿನಲ್ಲಿ ಎಷ್ಟು ದಾಸ್ತಾನಿದೆ ಅನ್ನುವುದು ಅಲ್ಟ್ರಾಸೌಂಡ್, ಎಂಆರ್‌ಐ. ಇವತ್ತು ಬಂದ ಚೀಲ ಎಲ್ಲಿಗೆ ಹೋಯಿತು, ಹಿಟ್ಟಾಯಿತೋ ಮೂಲೆಯಲ್ಲಿ ಕೂತಿತೋ ಅನ್ನುವುದು ಎರಡರಲ್ಲೂ ಗೊತ್ತಾಗುವುದಿಲ್ಲ. ಅದಕ್ಕೆ ಒಂದು ಚೀಲಕ್ಕೆ ಬಣ್ಣ ಬಳಿದು ಬಿಡಬೇಕು. ಈ ವ್ಯತ್ಯಾಸ ರೋಗಿಯ ಮಟ್ಟಿಗೂ ಸಣ್ಣದಲ್ಲ. ಟ್ರೈಗ್ಲಿಸರೈಡ್ ಡೆಪಾಸಿಟ್ ಕಾರ್ಡಿಯೋಮಯೋವ್ಯಾಸ್ಕುಲೋಪತಿ ಅಂತ ಒಂದು ಕಾಯಿಲೆ. 2008ರಲ್ಲಿ ಜಪಾನಿನಿಂದ ವರದಿಯಾದದ್ದು. ಜೀವಕೋಶದೊಳಗಿನ ಟ್ರೈಗ್ಲಿಸರೈಡನ್ನು ಒಡೆಯಲಾಗದೆ ಹೃದಯದ ಸ್ನಾಯುವಿನಲ್ಲೇ ಕೊಬ್ಬು ತುಂಬಿಕೊಳ್ಳುತ್ತದೆ. ಆದರೆ ರಕ್ತದ ಟ್ರೈಗ್ಲಿಸರೈಡ್ ಸಾಮಾನ್ಯವಾಗಿಯೇ ಇರಬಹುದು. ರಿಪೋರ್ಟ್ ನೋಡಿ ‘ನಾರ್ಮಲ್’ ಅಂತ ಕಳಿಸಿದರೆ ಕಥೆ ಮುಗಿಯಿತು.

ಈಗ ಅಣುವಿನ ವಿಷಯ. ಪಾಲ್ಮಿಟಿಕ್ ಆಮ್ಲದ ಮೊದಲ ಇಂಗಾಲವನ್ನು ಇಂಗಾಲ-11 ಮಾಡಿದರೆ ದೇಹಕ್ಕೆ ಅದು ಬೇರೆಯದೇ ಅಂತ ಗೊತ್ತೇ ಆಗುವುದಿಲ್ಲ. ಮೈಟೊಕಾಂಡ್ರಿಯಕ್ಕೆ ಹೋಗಿ ಎರಡೆರಡು ಇಂಗಾಲದಂತೆ ಕತ್ತರಿಸಿಕೊಂಡು ಕೊನೆಗೆ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡಾಗಿ ಹೊರಬರುತ್ತದೆ. ಅಳತೆಗೆ ಇದಕ್ಕಿಂತ ಪ್ರಾಮಾಣಿಕ ಪ್ರೋಬ್ ಇಲ್ಲ. ಆದರೆ ಅರ್ಧಾಯು 20.4 ನಿಮಿಷ. ಸೈಕ್ಲೋಟ್ರಾನ್ ಅದೇ ಕಟ್ಟಡದಲ್ಲಿ ಇರಬೇಕು. ಸಾಲದ್ದಕ್ಕೆ ಒಳಗೆ ಬಂದದ್ದು ಒಂದು ಕಡೆ, ಉರಿದು ಹೊರಟದ್ದು ಇನ್ನೊಂದು ಕಡೆ ಒಂದೇ ಸಮಯದಲ್ಲಿ ನಡೆಯುವುದರಿಂದ ಕರ್ವ್ ಬಿಡಿಸುವುದೇ ತಲೆನೋವು.

ಹಾಗಾಗಿ ಅಣುವನ್ನು ಅರ್ಧ ದಾರಿಯಲ್ಲಿ ಸಿಕ್ಕಿಬೀಳುವಂತೆ ಮಾಡುವುದು ವಾಡಿಕೆ. ಒಂದು ಉಪಾಯ, ಮೂರನೇ ಇಂಗಾಲಕ್ಕೆ ಮಿಥೈಲ್ ಸೇರಿಸುವುದು. ಜಪಾನಿನಲ್ಲಿ 1993ರಿಂದ ಬಳಕೆಯಲ್ಲಿರುವ ಬಿಎಂಐಪಿಪಿ ಅನ್ನುವ ಪ್ರೋಬ್ ಹಾಗೆ ಮಾಡಿದ್ದು. ಬೀಟಾ ಆಕ್ಸಿಡೇಶನ್ (ಎರಡೆರಡು ಇಂಗಾಲ ಕತ್ತರಿಸುವ ಕ್ರಿಯೆ) ನೇರವಾಗಿ ಶುರುವಾಗುವುದಿಲ್ಲ, ಅಣು ಹೃದಯದಲ್ಲಿ ಟ್ರೈಗ್ಲಿಸರೈಡ್ ರಾಶಿಯೊಳಗೆ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. ಅಯೋಡಿನ್-123ನ್ನು ಬಾಲದ ತುದಿಯ ಬೆಂಜೀನ್ ಉಂಗುರಕ್ಕೆ ಕಟ್ಟಿದ್ದು ಸುಮ್ಮನೆ ಅಲ್ಲ. ಅದಕ್ಕಿಂತ ಹಿಂದೆ ನೇರ ಸರಪಳಿಯ ತುದಿಗೇ ಅಯೋಡಿನ್ ಕಟ್ಟಿದ್ದ ಅಣುಗಳು ಅಯೋಡೈಡನ್ನು ಬೇಗ ಉದುರಿಸಿ ರಕ್ತವನ್ನೆಲ್ಲ ಬೆಳಗಿಸುತ್ತಿದ್ದವು.

ಎರಡನೇ ಉಪಾಯ ಗಂಧಕ. ಸರಪಳಿಯ ಒಂದು ಇಂಗಾಲ ತೆಗೆದು ಅಲ್ಲಿ ಗಂಧಕ ಇಟ್ಟರೆ ಕಿಣ್ವ ಅಲ್ಲಿಗೆ ಬಂದು ತಡವರಿಸುತ್ತದೆ. 1991ರ ಎಫ್‌ಟಿಎಚ್‌ಎ ಅನ್ನುವ ಪ್ರೋಬ್‌ನಲ್ಲಿ ಗಂಧಕ ಇರುವುದು ಆರನೇ ಸ್ಥಾನದಲ್ಲಿ, ಆಮೇಲೆ ಬಂದ ಎಫ್‌ಟಿಪಿ, ಎಫ್‌ಟಿಒಗಳಲ್ಲಿ ನಾಲ್ಕನೇ ಸ್ಥಾನದಲ್ಲಿ. ಎರಡು ಸ್ಥಾನದ ಅಂತರ ಅಷ್ಟೇ ಅನ್ನಿಸಬಹುದು. ಆದರೆ ಆಮ್ಲಜನಕ ಕಡಿಮೆಯಾದ ಹೃದಯದಲ್ಲಿ ಕೊಬ್ಬು ಉರಿಯುವುದು ಇಳಿದರೂ ಎಫ್‌ಟಿಎಚ್‌ಎ ತುಂಬಿಕೊಳ್ಳುವುದು ಅದಕ್ಕೆ ತಕ್ಕಂತೆ ಇಳಿಯಲಿಲ್ಲ, ಎಫ್‌ಟಿಪಿ ಇಳಿಯಿತು. ನಿಮಗೆ ಬೇಕಾದದ್ದು ‘ಎಷ್ಟು ಒಳಗೆ ಬಂತು’ ಅನ್ನುವುದೋ ‘ಎಷ್ಟು ಉರಿಯಿತು’ ಅನ್ನುವುದೋ ಅಂತ ಮೊದಲೇ ತೀರ್ಮಾನಿಸಿ ಗಂಧಕದ ಜಾಗ ಆರಿಸಬೇಕು. ಹೊಸಬರು ಇಲ್ಲಿ ಎಡವುವುದೇ ಹೆಚ್ಚು. ಪ್ರಶ್ನೆ ಬರೆದುಕೊಳ್ಳದೆ ಅಣು ಬರೆಯುತ್ತಾರೆ.

ಫ್ಲೋರಿನ್ ಯಾವ ಇಂಗಾಲಕ್ಕೆ ಅನ್ನುವುದರಲ್ಲಿ ಇನ್ನೊಂದು ಬಲೆ ಇದೆ. ನೇರ ಸರಪಳಿಯ ತುದಿಯಲ್ಲಿ ಫ್ಲೋರಿನ್ ಇದ್ದು ಒಟ್ಟು ಇಂಗಾಲ ಸರಿಸಂಖ್ಯೆಯಾದರೆ, ಎರಡೆರಡಾಗಿ ಕತ್ತರಿಸಿದಾಗ ಕೊನೆಗೆ ಉಳಿಯುವುದು ಫ್ಲೋರೋಅಸಿಟಿಕ್ ಆಮ್ಲ. ಬೆಸಸಂಖ್ಯೆಯಾದರೆ ಫ್ಲೋರೋಪ್ರೊಪಿಯೋನಿಕ್ ಆಮ್ಲ, ಅದು ಫ್ಲೋರೈಡ್ ಉದುರಿಸುತ್ತದೆ, ಮೂಳೆ ಬೆಳಗುತ್ತದೆ. ಹಾಗಾದರೆ ಸರಿಸಂಖ್ಯೆಯೇ ಒಳ್ಳೆಯದಲ್ಲವೇ? ಚಿತ್ರಕ್ಕೆ ಹೌದು. ಆದರೆ ಫ್ಲೋರೋಅಸಿಟೇಟ್ ಅಂದರೆ 1080 ಅನ್ನುವ ಇಲಿ ಪಾಷಾಣ, ಜೀವಕೋಶದ ಸಿಟ್ರಿಕ್ ಆಮ್ಲ ಚಕ್ರವನ್ನೇ ನಿಲ್ಲಿಸುವ ವಿಷ. ರೋಗಿಗೆ ಹೋಗುವ ಪ್ರಮಾಣ ನ್ಯಾನೊಮೋಲ್‌ಗಳಲ್ಲಿ ಇರುವುದರಿಂದ ಅಲ್ಲಿ ತೊಂದರೆಯಿಲ್ಲ. ತೊಂದರೆ ಇರುವುದು ಕೋಲ್ಡ್, ಅಂದರೆ ವಿಕಿರಣವಿಲ್ಲದ ಲ್ಯಾಬಿನಲ್ಲಿ. ಹೋಲಿಕೆಗೆ ಅಂತ ಮಾಮೂಲಿ ಫ್ಲೋರಿನ್ ಹಾಕಿ ಅದೇ ಆಮ್ಲವನ್ನು 200 ಮಿ.ಗ್ರಾಂ ಮಾಡಿಟ್ಟುಕೊಂಡಿರುತ್ತೀರಲ್ಲ, ಆ ಬಾಟಲಿಯಲ್ಲಿ. ಪಶ್ಚಿಮ ಆಫ್ರಿಕಾದ ಡೈಕಪೆಟಾಲಮ್ ಟಾಕ್ಸಿಕೇರಿಯಮ್ ಗಿಡದ ಬೀಜದಲ್ಲಿ ಇರುವ ವಿಷ ಇದೇ ಜಾತಿಯದು, ತುದಿಯಲ್ಲಿ ಫ್ಲೋರಿನ್ ಇರುವ ಓಲಿಯಿಕ್ ಆಮ್ಲ. ಕೊಬ್ಬಿನಾಮ್ಲ ಅಂದರೆ ಅಡುಗೆ ಎಣ್ಣೆಯ ತಮ್ಮ ಅಂದುಕೊಂಡು ಗ್ಲೌಸಿಲ್ಲದೆ ಮುಟ್ಟಬೇಡಿ. ಕೊಬ್ಬಾದ್ದರಿಂದ ಚರ್ಮವನ್ನೂ ದಾಟಬಲ್ಲದು.

ಫ್ಲೋರಿನ್ ಕಟ್ಟುವ ಕೆಲಸ ಹೀಗೆ ನಡೆಯುತ್ತದೆ. ಆಮ್ಲಜನಕ-18 ಸಮೃದ್ಧ ನೀರಿಗೆ ಪ್ರೋಟಾನ್ ಹೊಡೆದು ಬಂದ ಫ್ಲೋರೈಡನ್ನು ಕ್ಯೂಎಂಎ ಕಾರ್ಟ್ರಿಜ್ (ಋಣ ಅಯಾನುಗಳನ್ನು ಹಿಡಿಯುವ ಸಣ್ಣ ಕೊಳವೆ) ಮೇಲೆ ಹಿಡಿಯುತ್ತಾರೆ. ಕ್ಲೋರೈಡ್ ರೂಪದ ಕಾರ್ಟ್ರಿಜ್ ತಂದಿದ್ದರೆ 0.5 ಮೋಲಾರ್ ಪೊಟ್ಯಾಸಿಯಂ ಕಾರ್ಬೋನೇಟ್ 10 ಮಿ.ಲೀ. ಹಾಯಿಸಿ, ಆಮೇಲೆ ನೀರು 20 ಮಿ.ಲೀ. ಹಾಯಿಸಿ ರೂಪ ಬದಲಿಸಬೇಕು. ಇದನ್ನು ಬಿಟ್ಟರೆ ಕ್ಲೋರೈಡೇ ಹೋಗಿ ಪ್ರಿಕರ್ಸರ್‌ಗೆ (ಫ್ಲೋರಿನ್ ಕಟ್ಟಬೇಕಾದ ಮೂಲ ಅಣುವಿಗೆ) ಅಂಟಿಕೊಳ್ಳುತ್ತದೆ, ಫ್ಲೋರಿನ್ ಹೊರಗೇ ನಿಲ್ಲುತ್ತದೆ. ಹಿಡಿದ ಫ್ಲೋರೈಡನ್ನು ಬಿಡಿಸಲು ಕ್ರಿಪ್ಟೊಫಿಕ್ಸ್ 222 (ಪೊಟ್ಯಾಸಿಯಂ ಅಯಾನನ್ನು ಹಿಡಿದಿಡುವ ಅಣು) ಸುಮಾರು 15 ಮಿ.ಗ್ರಾಂ, ಪೊಟ್ಯಾಸಿಯಂ ಕಾರ್ಬೋನೇಟ್ 3 ಮಿ.ಗ್ರಾಂ, ಅಸಿಟೋನೈಟ್ರೈಲ್ ಮತ್ತು ನೀರಿನ 1 ಮಿ.ಲೀ. ಮಿಶ್ರಣದಲ್ಲಿ. ಆಮೇಲೆ 105 ಡಿಗ್ರಿಯಲ್ಲಿ ನೈಟ್ರೋಜನ್ ಊದುತ್ತಾ ಒಣಗಿಸುವುದು, ಒಣ ಅಸಿಟೋನೈಟ್ರೈಲ್ 1 ಮಿ.ಲೀ.ನಂತೆ ಎರಡು ಮೂರು ಸಲ ಸೇರಿಸಿ ಮತ್ತೆ ಒಣಗಿಸುವುದು. ನೀರು ಉಳಿದರೆ ಫ್ಲೋರೈಡ್ ಅದರ ಸೆರಗಿನಲ್ಲೇ ಅಡಗಿ ಕೂರುತ್ತದೆ, ಕ್ರಿಯೆಗೆ ಬರುವುದಿಲ್ಲ. ಅತಿಯಾಗಿ ಹುರಿದರೂ ಅದು ಗಾಜಿಗೆ ಕಚ್ಚಿಕೊಳ್ಳುತ್ತದೆ.

ಪ್ರಿಕರ್ಸರ್ ಅಂದರೆ ಫ್ಲೋರಿನ್ ಬರಬೇಕಾದ ಜಾಗದಲ್ಲಿ ಟಾಸಿಲೇಟೋ ಬ್ರೋಮೈಡೋ (ಸುಲಭವಾಗಿ ಜಾಗ ಬಿಟ್ಟುಕೊಡುವ ಗುಂಪುಗಳು) ಇರುವ ಎಸ್ಟರ್. ಆಮ್ಲವನ್ನು ಎಸ್ಟರ್ ಮಾಡಿ ಮುಚ್ಚದಿದ್ದರೆ ಅದರ ಪ್ರೋಟಾನ್ ಫ್ಲೋರೈಡಿಗೆ ಹೋಗಿ ಎಚ್‌ಎಫ್ ಆಗುತ್ತದೆ. 3 ಮಿ.ಗ್ರಾಂ ಪ್ರಿಕರ್ಸರ್ ಅಸಿಟೋನೈಟ್ರೈಲಿನಲ್ಲಿ ಕರಗಿಸಿ 90 ಡಿಗ್ರಿ, 10 ನಿಮಿಷ. ಈ ಹಂತದಲ್ಲಿ ಯಾರೂ ಬರೆದಿಡದ ಒಂದು ಲೆಕ್ಕ ಇದೆ. ಅಣುತೂಕ 450 ಇದ್ದರೆ 3 ಮಿ.ಗ್ರಾಂ ಅಂದರೆ 6.7 ಮೈಕ್ರೊಮೋಲ್. 3 ಮಿ.ಗ್ರಾಂ ಕಾರ್ಬೋನೇಟ್ ಅಂದರೆ 21.7 ಮೈಕ್ರೊಮೋಲ್. ಪ್ರಿಕರ್ಸರ್‌ನ ಮೂರು ಪಟ್ಟಿಗೂ ಮೀರಿ ಕ್ಷಾರ! ಪೆಟ್ ಸ್ಕ್ಯಾನಿನಲ್ಲಿ ಹೆಚ್ಚು ಬಳಸುವ, ಸಕ್ಕರೆ ಅಣುವಾದ ಎಫ್‌ಡಿಜಿ ಇದನ್ನು ತಡೆದುಕೊಳ್ಳುತ್ತದೆ. ಕೊಬ್ಬಿನ ಸರಪಳಿಯಲ್ಲಿ, ಅದರಲ್ಲೂ ಟಾಸಿಲೇಟ್ ಸರಪಳಿಯ ಮಧ್ಯದ ಇಂಗಾಲದ ಮೇಲೆ ಇದ್ದರೆ, ಕ್ಷಾರ ಹೈಡ್ರೋಜನ್ ಕಿತ್ತುಕೊಂಡು ಜೋಡಿಬಂಧ ಮಾಡಿಬಿಡುತ್ತದೆ. ಯೀಲ್ಡ್ ಕುಸಿದಾಗ ಎಲ್ಲರೂ ಉಷ್ಣತೆ ಏರಿಸುತ್ತಾರೆ, ಜೋಡಿಬಂಧ ಇನ್ನೂ ಹೆಚ್ಚುತ್ತದೆ. ಮಾಡಬೇಕಾದದ್ದು ಕಾರ್ಬೋನೇಟ್ ಇಳಿಸುವುದು, ಇಲ್ಲವೇ ಸೌಮ್ಯ ಕ್ಷಾರವಾದ ಪೊಟ್ಯಾಸಿಯಂ ಆಕ್ಸಲೇಟ್ ಅಥವಾ ಟೆಟ್ರಾಬ್ಯುಟೈಲ್ ಅಮೋನಿಯಂ ಬೈಕಾರ್ಬೋನೇಟಿಗೆ ಬದಲಿಸುವುದು.

ಎಸ್ಟರ್ ಒಡೆಯಲು 1 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ 0.2 ಮಿ.ಲೀ., 90 ಡಿಗ್ರಿ, 5 ನಿಮಿಷ. ಆಮೇಲೆ ಅಸಿಟಿಕ್ ಆಮ್ಲ ಹಾಕಿ ತಟಸ್ಥ ಮಾಡಿ ಎಚ್‌ಪಿಎಲ್‌ಸಿಗೆ (ಒತ್ತಡದಲ್ಲಿ ದ್ರವ ಹಾಯಿಸಿ ಬೇರ್ಪಡಿಸುವ ಕ್ರೊಮಟೋಗ್ರಫಿ). ಅದರಲ್ಲಿ ಹಾಯಿಸುವ ದ್ರವವಾದ ಮೊಬೈಲ್ ಫೇಸಿನಲ್ಲಿ ಸ್ವಲ್ಪ ಅಸಿಟಿಕ್ ಆಮ್ಲ ಇರಲೇಬೇಕು, ಇಲ್ಲದಿದ್ದರೆ ಕೊಬ್ಬಿನಾಮ್ಲ ಅರ್ಧ ಅಯಾನಾಗಿ ಅರ್ಧ ಆಮ್ಲವಾಗಿ ಓಡಿ ಪೀಕಿಗೆ ಉದ್ದ ಬಾಲ ಬರುತ್ತದೆ.

ಎಚ್‌ಪಿಎಲ್‌ಸಿಯಲ್ಲಿ ಇನ್ನೂ ದೊಡ್ಡ ತಾಪತ್ರಯ, ಕೊಬ್ಬಿನಾಮ್ಲಕ್ಕೆ ಯುವಿಯಲ್ಲಿ ಕಾಣುವ ಗುಂಪೇ ಇಲ್ಲ. 254 ನ್ಯಾನೊಮೀಟರಿನಲ್ಲಿ ಗೆರೆ ಸಪಾಟು. 210ರಲ್ಲಿ ಏನೋ ಒಂದು ಸಣ್ಣ ಉಬ್ಬು. ವಿಕಿರಣ ಡಿಟೆಕ್ಟರಿನಲ್ಲಿ ಪೀಕ್ ಸ್ಪಷ್ಟವಾಗಿದೆ, ಯುವಿಯಲ್ಲಿ ಏನೂ ಇಲ್ಲ, ಅಂದಮೇಲೆ ಶುದ್ಧ ಅನ್ನುವ ತೀರ್ಮಾನ ತಪ್ಪು. ಜೋಡಿಬಂಧವಾದ ಕಲ್ಮಶ ನಿಮ್ಮ ಪೀಕಿನ ಪಕ್ಕದಲ್ಲೇ, ಕಣ್ಣಿಗೆ ಬೀಳದೆ, ಮೈಕ್ರೊಗ್ರಾಂಗಟ್ಟಲೆ ಬರುತ್ತಿರುತ್ತದೆ. ಕೋಲ್ಡ್ ರನ್ ಮಾಡಿ, ಬಂದ ಭಾಗವನ್ನು ಫೆನಾಸಿಲ್ ಬ್ರೋಮೈಡ್ ಜೊತೆ ಎಸ್ಟರ್ ಮಾಡಿದರೆ 254ರಲ್ಲಿ ಕಾಣುತ್ತದೆ. ಮಾಸ್ ಸ್ಪೆಕ್ಟ್ರೋಮೀಟರ್ ಸಿಕ್ಕರೆ ಇನ್ನೂ ನಿರಾಳ. ಅಂದಹಾಗೆ ಮೋಲಾರ್ ಆಕ್ಟಿವಿಟಿ (ಒಂದು ಮೋಲ್ ಪ್ರೋಬ್‌ಗೆ ಎಷ್ಟು ವಿಕಿರಣ ಅನ್ನುವುದು) ಹೆಚ್ಚಿಸಲು ಕೊಬ್ಬಿನ ಪ್ರೋಬ್‌ನಲ್ಲಿ ಜನ ಅನಗತ್ಯವಾಗಿ ಒದ್ದಾಡುತ್ತಾರೆ ಅಂತ ನನಗನ್ನಿಸುತ್ತದೆ. ಮಿದುಳಿನ ರಿಸೆಪ್ಟರ್‌ಗೆ ಹೋಗುವ ಪ್ರೋಬಿಗೆ ಅದು ಜೀವಾಳ. ಆದರೆ ರಕ್ತದಲ್ಲಿ ಆಗಲೇ ಲೀಟರಿಗೆ 0.5 ಮಿಲಿಮೋಲ್ ಆಸುಪಾಸು ಕೊಬ್ಬಿನಾಮ್ಲ ಹರಿಯುತ್ತಿರುವಾಗ ನಿಮ್ಮ ಕೆಲವು ನ್ಯಾನೊಮೋಲ್ ಯಾವ ಲೆಕ್ಕ? ಮೇಲೆ ಹೇಳಿದ ನಲ್ಲಿ ನೀರಿನ ಹನಿಗೆ ಹೆದರಬೇಕಾದದ್ದು ಬ್ಯಾಚಿಂದ ಬ್ಯಾಚಿಗೆ ಫಲಿತಾಂಶ ಕುಣಿಯುತ್ತದೆ, ಕಾರಣ ಗೊತ್ತಾಗುವುದಿಲ್ಲ ಅನ್ನುವುದಕ್ಕೆ.

ಇನ್ನು ಜಿಡ್ಡು. ಪ್ಲಾಸ್ಟಿಕ್ ಟಿಫಿನ್ ಡಬ್ಬಿಯಲ್ಲಿ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಹೋದವರಿಗೆ ಇದನ್ನು ವಿವರಿಸುವುದು ಸುಲಭ. ಸ್ಟೀಲ್ ಡಬ್ಬಿ ಒಂದು ಸಲಕ್ಕೆ ಶುಚಿಯಾಗುತ್ತದೆ, ಪ್ಲಾಸ್ಟಿಕ್ ಎಷ್ಟು ಉಜ್ಜಿದರೂ ಜಾರುತ್ತಲೇ ಇರುತ್ತದೆ. ಹದಿನಾರು ಹದಿನೆಂಟು ಇಂಗಾಲದ ಆಮ್ಲವನ್ನು ಬರೀ ಸಲೈನಿನಲ್ಲಿ ಬಿಟ್ಟರೆ ಅದು ಕರಗಿರುವಂತೆ ಕಂಡರೂ ವೈಯಲ್ ಗೋಡೆ, ರಬ್ಬರ್ ಮುಚ್ಚಳ, ಸಿರಿಂಜಿನ ಪಿಸ್ಟನ್, ಕ್ಯಾನುಲಾ ಎಲ್ಲದರ ಮೇಲೂ ಕೂರುತ್ತದೆ. ಎಲ್ಲಕ್ಕಿಂತ ದುರಾಸೆಯದು 0.22 ಮೈಕ್ರಾನ್ ಸ್ಟೆರೈಲ್ ಫಿಲ್ಟರ್. ಅಷ್ಟು ಹೊತ್ತು ಪಟ್ಟ ಪಾಡು ಫಿಲ್ಟರಿನ ಪೊರೆಯಲ್ಲೇ ಉಳಿದು ಕೆಳಗಿನ ವೈಯಲ್ಲಿಗೆ ಅರ್ಧವೂ ಇಳಿಯದೆ ಇರುವುದು ಅಪರೂಪವಲ್ಲ.

ದೇಹ ಈ ಸಮಸ್ಯೆಯನ್ನು ಬಗೆಹರಿಸಿರುವುದು ಆಲ್ಬುಮಿನ್‌ನಿಂದ. ರಕ್ತದಲ್ಲಿ ಕೊಬ್ಬಿನಾಮ್ಲ ಓಡಾಡುವುದೇ ಆಲ್ಬುಮಿನ್ ಬೆನ್ನ ಮೇಲೆ. ನಾವೂ ಅದನ್ನೇ ಹಿಡಿಯುವುದು. ಎಚ್‌ಪಿಎಲ್‌ಸಿ ಭಾಗವನ್ನು 30 ಮಿ.ಲೀ. ನೀರಿಗೆ ಸುರಿದು ಸಿ18 ಕಾರ್ಟ್ರಿಜ್ ಮೇಲೆ ಹಿಡಿದು, ನೀರಿನಲ್ಲಿ ತೊಳೆದು, 0.5 ಮಿ.ಲೀ. ಎಥನಾಲಿನಲ್ಲಿ ಬಿಡಿಸಿ, ಅದನ್ನು ಮಾನವ ಆಲ್ಬುಮಿನ್ ಶೇ. 1ರಿಂದ 4ರಷ್ಟಿರುವ 10 ಮಿ.ಲೀ. ದ್ರಾವಣಕ್ಕೆ ಬೆರೆಸುವುದು. ಬೆರೆಸುವ ಕ್ರಮವೇ ಇಲ್ಲಿ ಮುಖ್ಯ. ಆಲ್ಬುಮಿನನ್ನು ಎಥನಾಲಿಗೆ ಹಾಕಿದರೆ ಮೊಟ್ಟೆಯ ಬಿಳಿ ಬೆಂದ ಹಾಗೆ ಮಬ್ಬಾಗುತ್ತದೆ. ಎಥನಾಲನ್ನೇ ಆಲ್ಬುಮಿನಿಗೆ ಹನಿಹನಿಯಾಗಿ, ನಿಧಾನವಾಗಿ ತಿರುಗಿಸುತ್ತಾ ಬಿಡಬೇಕು. ಜೋರಾಗಿ ಕುಲುಕಿದರೆ ನೊರೆ. ನೊರೆ ಬಂದ ದ್ರಾವಣ ಫಿಲ್ಟರಿಗೆ ಹೋದರೆ ಗಾಳಿ ಕಟ್ಟಿ ನಿಲ್ಲುತ್ತದೆ. ಫಿಲ್ಟರ್ ನೈಲಾನ್ ಆಗಿರಬಾರದು, ಪ್ರೋಟೀನ್ ಕಡಿಮೆ ಹಿಡಿಯುವ ಪಿವಿಡಿಎಫ್ ಅಥವಾ ಪಿಇಎಸ್ ಇರಲಿ, ಮೊದಲು 2 ಮಿ.ಲೀ. ಬರೀ ಆಲ್ಬುಮಿನ್ ಹಾಯಿಸಿ ಅದರ ಹಸಿವು ತೀರಿಸಿ. ಪ್ರತಿ ಹಂತದ ನಂತರ ವೈಯಲ್, ಸಿರಿಂಜ್, ಫಿಲ್ಟರ್, ಕಾರ್ಟ್ರಿಜ್ ಪ್ರತ್ಯೇಕವಾಗಿ ವಿಕಿರಣ ಅಳೆಯುವ ಡೋಸ್ ಕ್ಯಾಲಿಬ್ರೇಟರಿನಲ್ಲಿ ಇಟ್ಟು ಸಮಯ ಸಮೇತ ಬರೆದುಕೊಳ್ಳಿ, ಎಲ್ಲವನ್ನೂ ಒಂದೇ ಸಮಯಕ್ಕೆ ಸರಿಹೊಂದಿಸಿ ಕೂಡಿಸಿ. ಜಮಾ ಖರ್ಚು ತಾಳೆಯಾಗದಿದ್ದರೆ ಉಳಿದದ್ದು ಯಾವುದೋ ಟ್ಯೂಬಿನ ಗೋಡೆಯ ಮೇಲಿದೆ.

ಗಂಧಕದ ಅಣುಗಳಿಗೆ ಒಂದು ಹೆಚ್ಚುವರಿ ಎಚ್ಚರಿಕೆ. ಕಡಿಮೆ ದ್ರವದಲ್ಲಿ ಹೆಚ್ಚು ಆಕ್ಟಿವಿಟಿ ಇಟ್ಟರೆ ವಿಕಿರಣವೇ ಗಂಧಕವನ್ನು ಆಕ್ಸಿಡೈಸ್ ಮಾಡಿ ಸಲ್ಫಾಕ್ಸೈಡ್ ಮಾಡುತ್ತದೆ. ಎಚ್‌ಪಿಎಲ್‌ಸಿಯಲ್ಲಿ ಮುಖ್ಯ ಪೀಕಿಗಿಂತ ಮುಂಚೆ ಬರುವ, ಗಂಟೆಗಂಟೆಗೂ ಬೆಳೆಯುವ ಪೀಕ್ ಕಂಡರೆ ಮೊದಲ ಅನುಮಾನ ಅದರ ಮೇಲೆಯೇ ಇರಲಿ.

ಪರೀಕ್ಷೆಗಳಲ್ಲಿ ಹೆಚ್ಚಿನವು ಎಫ್‌ಡಿಜಿಯಂತೆಯೇ. ಅರ್ಧಾಯು 105ರಿಂದ 115 ನಿಮಿಷದೊಳಗೆ, ಕ್ರಿಪ್ಟೊಫಿಕ್ಸ್ ಮಿ.ಲೀ.ಗೆ 50 ಮೈಕ್ರೊಗ್ರಾಂ ದಾಟಬಾರದು, ಅಸಿಟೋನೈಟ್ರೈಲ್ 410 ಪಿಪಿಎಂ ದಾಟಬಾರದು, ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಇಡೀ ಡೋಸಿಗೆ 175 ಯೂನಿಟ್ ಒಳಗೆ. ಆಲ್ಬುಮಿನ್ ಇರುವುದರಿಂದ ಎಂಡೋಟಾಕ್ಸಿನ್ ಪರೀಕ್ಷೆ ಸುಳ್ಳು ಹೇಳಬಹುದು, ತೆಳು ಮಾಡಿ, ಗೊತ್ತಿರುವ ಪ್ರಮಾಣ ಸೇರಿಸಿ ತಾಳೆ ನೋಡಬೇಕು. ರೇಡಿಯೋಕೆಮಿಕಲ್ ಶುದ್ಧತೆಯನ್ನು ಎಚ್‌ಪಿಎಲ್‌ಸಿಯೊಂದರಿಂದಲೇ ಹೇಳಬೇಡಿ. ಆಮ್ಲೀಯ ಮೊಬೈಲ್ ಫೇಸಿನಲ್ಲಿ ಬಿಡಿ ಫ್ಲೋರೈಡ್ ಸಿಲಿಕಾ ಕಾಲಂಗೇ ಅಂಟಿಕೊಂಡು ಹೊರಗೇ ಬರುವುದಿಲ್ಲ, ಶೇ. 99 ಶುದ್ಧ ಅಂತ ಪ್ರಿಂಟ್ ಬರುತ್ತದೆ. ಸಿಲಿಕಾ ಟಿಎಲ್‌ಸಿ (ತೆಳು ಪದರದ ಕ್ರೊಮಟೋಗ್ರಫಿ) ಜೊತೆಗಿರಲಿ: ಹೆಕ್ಸೇನ್ 70, ಈಥರ್ 30, ಅಸಿಟಿಕ್ ಆಮ್ಲ 1. ಕೊಬ್ಬಿನಾಮ್ಲ ಮೇಲೇರುತ್ತದೆ, ಫ್ಲೋರೈಡ್ ಇಟ್ಟ ಜಾಗದಲ್ಲೇ ಇರುತ್ತದೆ. ಆಲ್ಬುಮಿನ್ ಸಮೇತ ಚುಕ್ಕೆ ಇಟ್ಟರೆ ಪ್ರೋಟೀನ್ ಅಲ್ಲೇ ಹೆಪ್ಪುಗಟ್ಟಿ ಸ್ವಲ್ಪ ಪ್ರೋಬನ್ನೂ ಹಿಡಿದಿಟ್ಟು ಫ್ಲೋರೈಡಿನಂತೆ ತೋರಿಸಬಹುದು. ಮೊದಲು ಮೆಥನಾಲಿನಲ್ಲಿ ಪ್ರೋಟೀನ್ ಕೂರಿಸಿ ಮೇಲಿನ ತಿಳಿ ತಗೊಳ್ಳಿ.

ಈಗ ರಸ್ತೆ. ದಾವಣಗೆರೆಯಲ್ಲಿ ಕೂತು ಈ ಅಣುಗಳ ಬಗ್ಗೆ ಯೋಚಿಸುವವರು ಮಾಡಲೇಬೇಕಾದ ಲೆಕ್ಕ ಇದು. ಬೆಂಗಳೂರಿನ ಸೈಕ್ಲೋಟ್ರಾನಿನಲ್ಲಿ 1000 ಮಿಲಿಕ್ಯೂರಿಯಿಂದ ಶುರು ಮಾಡೋಣ. ತಯಾರಿಗೆ 80 ನಿಮಿಷ, ಅಷ್ಟರಲ್ಲಿ ಶೇ. 60 ಉಳಿಯುತ್ತದೆ. ರಾಸಾಯನಿಕ ಯೀಲ್ಡ್ ಶೇ. 30 ಅಂತ ಇಟ್ಟುಕೊಂಡರೆ 180. ಪರೀಕ್ಷೆಗೆ ಅರ್ಧ ಗಂಟೆ, 149. ನೆಲಮಂಗಲ, ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ ದಾಟಿ ದಾವಣಗೆರೆಗೆ ನಾಲ್ಕೂವರೆ ಗಂಟೆ ಅಂದರೆ ಉಳಿಯುವುದು ಶೇ. 18, ಕೈಗೆ ಸಿಗುವುದು 27 ಮಿಲಿಕ್ಯೂರಿ. ಒಬ್ಬರಿಗೆ 5ರಂತೆ, ಗಂಟೆಗೊಬ್ಬರಂತೆ ಮೂವರಿಗೆ ಕೊಡಬೇಕಾದರೆ ಬಂದ ಹೊತ್ತಿನ ಲೆಕ್ಕದಲ್ಲಿ 5, 7.3 ಮತ್ತು 10.7, ಒಟ್ಟು 23 ಬೇಕು. ಸಾಕಾಯಿತು. ನೆಲಮಂಗಲದಲ್ಲಿ ಒಂದು ಗಂಟೆ ಗಾಡಿ ನಿಂತಿತು ಅನ್ನಿ, 27 ಇದ್ದದ್ದು 18.6 ಆಗುತ್ತದೆ, ಮೂರನೆಯವರು ವಾಪಸ್. ಚಿತ್ರದುರ್ಗಕ್ಕೇ ಇಳಿಸಿದರೆ ಮೂರೂವರೆ ಗಂಟೆಗೆ ಶೇ. 27 ಉಳಿಯುತ್ತದೆ. ಇಂಗಾಲ-11ಕ್ಕೆ ಇದೇ ದಾರಿಯಲ್ಲಿ ಹತ್ತು ಸಾವಿರದಲ್ಲಿ ಒಂದು ಪಾಲು ಉಳಿದೀತು, ಗ್ಯಾಲಿಯಂ-68ಕ್ಕೆ ಶೇ. 6. ಟೆಕ್ನೀಶಿಯಂ-99ಎಂ ಮಾತ್ರ ಜನರೇಟರ್ ಅನ್ನುವ ಐಸೊಟೋಪ್ ಪೆಟ್ಟಿಗೆಯಲ್ಲೇ ಬರುವುದರಿಂದ ಊರಲ್ಲೇ ಕರೆದುಕೊಳ್ಳಬಹುದು, ಹಸು ಕಟ್ಟಿದ ಹಾಗೆ. ಆದರೆ ಟೆಕ್ನೀಶಿಯಂ ಹಿಡಿಯಲು ಬೇಕಾದ ದೊಡ್ಡ ಕೀಲೇಟರನ್ನು (ಲೋಹವನ್ನು ಹಿಡಿದಿಡುವ ಗುಂಪು) ಸಣ್ಣ ಕೊಬ್ಬಿನಾಮ್ಲಕ್ಕೆ ಕಟ್ಟಿದರೆ ಅದು ಕೊಬ್ಬಿನಾಮ್ಲವಾಗಿ ಉಳಿಯುವುದು ಕಷ್ಟ. ಇನ್ನೊಂದು ಮಾತು, ಟೆಕ್ನೀಶಿಯಂಗೆ ಇಟ್ಟುಕೊಂಡ ತೆಳು ಸೀಸದ ಸಿರಿಂಜ್ ಶೀಲ್ಡ್ ಫ್ಲೋರಿನ್‌ಗೆ ಲೆಕ್ಕಕ್ಕಿಲ್ಲ. 511 ಕೆಇವಿ ಗಾಮಾ ಅರ್ಧಕ್ಕಿಳಿಯಲು ಸುಮಾರು 4 ಮಿ.ಮೀ. ಸೀಸ ಬೇಕು.

ಐಸೊಟೋಪಿನ ಗಡಿಯಾರ ಕೊಬ್ಬಿನ ಗಡಿಯಾರಕ್ಕೆ ಹೊಂದಬೇಕು ಅನ್ನುವುದು ಕೊಲೆಸ್ಟರಾಲ್ ಪ್ರೋಬ್‌ಗಳಲ್ಲಿ ಚೆನ್ನಾಗಿ ಕಾಣುತ್ತದೆ. ಕೊಲೆಸ್ಟರಾಲ್ ಹೊತ್ತೊಯ್ಯುವ ಎಲ್‌ಡಿಎಲ್ ಕಣ ರಕ್ತದಿಂದ ಅರ್ಧಕ್ಕೆ ಇಳಿಯಲು ಎರಡು ಮೂರು ದಿನ ಬೇಕು. ಆರು ಗಂಟೆಯ ಟೆಕ್ನೀಶಿಯಂ ಅದಕ್ಕೆ ಕಟ್ಟಿದರೆ ರಕ್ತನಾಳದ ಗೋಡೆ ಕಾಣುವ ಮೊದಲೇ ವಿಕಿರಣ ಮುಗಿದಿರುತ್ತದೆ, ಕಾಣುವುದು ಬರೀ ರಕ್ತ. ಅಡ್ರಿನಲ್ ಗ್ರಂಥಿಗೆ ಬಳಸುವ ಎನ್‌ಪಿ-59 ಅನ್ನುವ ಕೊಲೆಸ್ಟರಾಲ್ ಪ್ರೋಬ್‌ನಲ್ಲಿ ಎಂಟು ದಿನದ ಅಯೋಡಿನ್-131 ಇರುವುದು ಅದಕ್ಕೇ. ಗ್ರಂಥಿ ಕೊಲೆಸ್ಟರಾಲನ್ನು ದಿನಗಟ್ಟಲೆ ಕೂಡಿಡುತ್ತದೆ, ಚಿತ್ರ ನಾಲ್ಕೈದು ದಿನದ ತನಕ ತೆಗೆಯುತ್ತಾರೆ.

ಸ್ಕ್ಯಾನ್ ಟೇಬಲ್ಲಿನ ಪಕ್ಕದಲ್ಲಿ ಆಗುವ ಎಡವಟ್ಟುಗಳೂ ಇವೆ. ಕೊಬ್ಬಿನಾಮ್ಲ ಪ್ರೋಬಿಗೆ ಕನಿಷ್ಠ ಆರು ಗಂಟೆ ಉಪವಾಸ. ಬೆಳಗ್ಗೆ ಎರಡು ದೋಸೆ, ಒಂದು ಸಕ್ಕರೆ ಕಾಫಿ ಆಗಿದ್ದರೆ ಇನ್ಸುಲಿನ್ ಏರಿ ಹೃದಯ ಗ್ಲೂಕೋಸಿಗೆ ಹೊರಳುತ್ತದೆ, ಪ್ರೋಬ್ ಹೃದಯದ ಕಡೆ ಕಡಿಮೆ ಹೋಗುತ್ತದೆ, ರೋಗ ಇಲ್ಲದವರೂ ರೋಗಿಗಳಂತೆ ಕಾಣುತ್ತಾರೆ. ನರ್ಸ್ ರೂಢಿಯಂತೆ ಐವಿ ಲೈನಿಗೆ ಹೆಪಾರಿನ್ ಹಾಯಿಸಿದರೂ ಕೆಟ್ಟಿತು: ಹೆಪಾರಿನ್ ರಕ್ತನಾಳದ ಗೋಡೆಯಿಂದ ಲೈಪೋಪ್ರೋಟೀನ್ ಲೈಪೇಸನ್ನು ಬಿಡಿಸುತ್ತದೆ, ರಕ್ತದ ಕೊಬ್ಬಿನಾಮ್ಲ ಒಮ್ಮೆಲೇ ಏರುತ್ತದೆ. ಬರೀ ಸಲೈನ್ ಸಾಕು.

ಬಿಎಂಐಪಿಪಿಯ ವಾಷೌಟ್ (ಹೃದಯದಿಂದ ಹೊರಹೋದ ಪಾಲು) ಲೆಕ್ಕವನ್ನೂ ಒಮ್ಮೆ ಕೈಯಲ್ಲಿ ಮಾಡಿ ನೋಡಬೇಕು. ಡೋಸ್ ಸಾಮಾನ್ಯವಾಗಿ 3 ಮಿಲಿಕ್ಯೂರಿ, ಮೊದಲ ಚಿತ್ರ 20–30 ನಿಮಿಷಕ್ಕೆ, ಎರಡನೆಯದು 200–240 ನಿಮಿಷಕ್ಕೆ. ಬ್ಯಾಕ್‌ಗ್ರೌಂಡ್ ಕಳೆದ ಮೇಲೆ ಮೊದಲು 100, ಮೂರೂವರೆ ಗಂಟೆಯ ನಂತರ 78 ಬಂತು ಅನ್ನಿ. ಶೇ. 22 ಹೊರಗೆ ಹೋಗಿದೆ, ಸರಿಯಾಗಿದೆ ಅನ್ನಿಸುತ್ತದೆ. ಆದರೆ ಅಯೋಡಿನ್-123ರ ಅರ್ಧಾಯು 13.2 ಗಂಟೆ, ಅಷ್ಟು ಹೊತ್ತಿನಲ್ಲಿ ಅದು ತಾನಾಗಿಯೇ 0.83ಕ್ಕೆ ಇಳಿದಿರುತ್ತದೆ. 78ನ್ನು 0.832ರಿಂದ ಭಾಗಿಸಿದರೆ 93.7, ವಾಷೌಟ್ ಶೇ. 6 ಮಾತ್ರ. ಮೇಲೆ ಹೇಳಿದ ಟ್ರೈಗ್ಲಿಸರೈಡ್ ಹೃದಯದ ಕಾಯಿಲೆಗೆ ಜಪಾನಿನ ಮಾನದಂಡದಲ್ಲಿ ಗೆರೆ ಎಳೆದಿರುವುದು ಶೇ. 10ಕ್ಕಿಂತ ಕಡಿಮೆ ಅನ್ನುವಲ್ಲಿ. ಒಂದು ಭಾಗಾಕಾರ ಮರೆತರೆ ಕಾಯಿಲೆಯೇ ಮಾಯ. ಇನ್ನು ಹೃದಯವೇ ಕಾಣದೆ ಪಕ್ಕದ ಪಿತ್ತಜನಕಾಂಗ ಮಾತ್ರ ಬೆಳಗಿದರೆ ಇಂಜೆಕ್ಷನ್ ಕೆಟ್ಟಿದೆ ಅಂತ ಬಿಸಾಡಬೇಡಿ. ಕೊಬ್ಬಿನಾಮ್ಲವನ್ನು ಒಳಗೆ ಬಿಡುವ ಸಿಡಿ36 ಪ್ರೋಟೀನ್ ಇಲ್ಲದವರಲ್ಲಿ ಚಿತ್ರ ಹಾಗೆಯೇ ಬರುತ್ತದೆ.

ಇಷ್ಟರಲ್ಲಿ ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಕೂತು ಏನು ಮಾಡಲು ಸಾಧ್ಯ? ವಿಕಿರಣ ಮುಟ್ಟಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ, ವಿಕಿರಣ ಸುರಕ್ಷತಾಧಿಕಾರಿ, ಮೈಗೆ ತಗಲಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜು ಎಲ್ಲ ಬೇಕು, ಮನುಷ್ಯರಿಗೆ ಕೊಡಲು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ಆದರೆ ಕೆಲಸದ ಬಹುಪಾಲು ವಿಕಿರಣ ಬರುವ ಮೊದಲೇ ಇದೆ. ಪ್ರಿಕರ್ಸರ್ ಮತ್ತು ಕೋಲ್ಡ್ ಸ್ಟ್ಯಾಂಡರ್ಡ್ ತಯಾರಿ, ಕ್ಷಾರ ಎಷ್ಟಾದರೆ ಎಷ್ಟು ಜೋಡಿಬಂಧ ಅನ್ನುವ ಪಟ್ಟಿ, ಆಲ್ಬುಮಿನ್ ದ್ರಾವಣ ಯಾವ ಫಿಲ್ಟರಿನಲ್ಲಿ ಎಷ್ಟು ನಷ್ಟ ಅನ್ನುವ ಪಟ್ಟಿ, ಎಸ್ಟರ್ ಪೂರ್ತಿ ಒಡೆಯಲು ಎಷ್ಟು ನಿಮಿಷ ಅನ್ನುವುದು, ಇವೆಲ್ಲ ಮಾಮೂಲಿ ಫ್ಯೂಮ್‌ಹುಡ್ ಇರುವ ಕಾಲೇಜಿನ ಲ್ಯಾಬಿನಲ್ಲಿ ಆಗುವಂಥವು. ಅಂಗಾಂಶದಿಂದ ಕೊಬ್ಬು ತೆಗೆಯುವ ಫೋಲ್ಚ್ ವಿಧಾನ (ಕ್ಲೋರೋಫಾರ್ಮ್ 2, ಮೆಥನಾಲ್ 1, ಒಂದು ಗ್ರಾಂಗೆ 20 ಮಿ.ಲೀ.) ಕೈಗೆ ಹತ್ತಲಿ. ಮುಂದೆ ಇಲಿಯ ಹೃದಯದಲ್ಲಿ ಪ್ರೋಬ್ ಟ್ರೈಗ್ಲಿಸರೈಡ್ ಪಟ್ಟಿಗೆ ಹೋಯಿತೋ, ಫಾಸ್ಫೋಲಿಪಿಡ್ಡಿಗೋ, ಒಡೆದು ನೀರಿನ ಪದರಕ್ಕೋ ಅನ್ನುವುದು ಅದರಲ್ಲೇ ತಿಳಿಯುವುದು. ಕಸಾಯಿಖಾನೆಯಿಂದ ತಂದ ಕುರಿಯ ಹೃದಯದ ಮೇಲೆ ಅಭ್ಯಾಸ ಮಾಡಿದರೆ ಸಾಕು. ಕ್ಲೋರೋಫಾರ್ಮನ್ನು ಮಾತ್ರ ಗಾಜಿನ ಪಿಪೆಟ್ಟಿನಲ್ಲೇ ಎಳೆಯಿರಿ, ಪ್ಲಾಸ್ಟಿಕ್ ತುದಿ ಬಳಸಿದರೆ ಪ್ಲಾಸ್ಟಿಕ್ಕಿನೊಳಗಿನ ಎಣ್ಣೆ ಕರಗಿ ಬಂದು ಟಿಎಲ್‌ಸಿಯಲ್ಲಿ ಇಲ್ಲದ ಕೊಬ್ಬೊಂದು ಪಟ್ಟಿಯಾಗಿ ನಿಲ್ಲುತ್ತದೆ.